ಪೊಲೀಸರು ಬಾಗಿಲಿಗೆ ಬಂದಾಗ
(ನವಲಗುಂದದ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತು)



2016ರ ಜುಲೈ ಕೊನೆಯಲ್ಲಿ ನಮ್ಮ ಯಮನೂರಿನಲ್ಲಿ ಆದದ್ದನ್ನು ಈ ತಾಲ್ಲೂಕು ಮರೆತಿಲ್ಲ. ಮಹದಾಯಿ ಹೋರಾಟದ ಹೊತ್ತಿಗೆ ಪೊಲೀಸರು ಮನೆ ಹೊಕ್ಕು, ಹೆಣ್ಣುಮಕ್ಕಳು, ಮುದುಕರು ಎನ್ನದೆ ಹೊಡೆದರು. ಕಾನೂನು ಬಲ್ಲವರಿಗೆ ಲಾಠಿ ತಾಗುವುದಿಲ್ಲ ಎಂದು ನಾನು ಹೇಳಲಾರೆ. ಆದರೆ ಮರುದಿನ ನ್ಯಾಯ ಕೇಳಲು ಕೈಯಲ್ಲಿ ಏನಾದರೂ ಇರಬೇಕಲ್ಲ?

ಹರಳಯ್ಯ, ಮಧುವರಸರನ್ನು ಬಿಜ್ಜಳ ಎಳೆಹೂಟೆಗೆ ಕೊಟ್ಟಾಗ ಕಾರಣ ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ನಮಗೆ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಬಂಧಿಸುವ ಅಧಿಕಾರಿಯ ಹೆಸರು ಎದ್ದು ಕಾಣಬೇಕು, ಕಾರಣ ತಿಳಿಸಬೇಕು, ಅರೆಸ್ಟ್ ಮೆಮೋ ಬರೆಯಬೇಕು. ಅದಕ್ಕೆ ಮನೆಯವರೊಬ್ಬರು ಇಲ್ಲವೆ ಊರ ಹಿರಿಯರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು. ಹೆದರಿಕೆಯಲ್ಲಿ ಹೆಬ್ಬೆಟ್ಟು ಒತ್ತಬೇಡಿ, ಓದಿಸಿ ಕೇಳಿ. ತಾರೀಖು, ವೇಳೆ ಸರಿಯಾಗಿದೆಯೇ ನೋಡಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಲೆಕ್ಕ ಬಂಧಿಸಿದ ವೇಳೆಯಿಂದಲೇ ಶುರು.

ಹೊತ್ತು ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ತೀರ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು. ಸಾಕ್ಷಿ ಹೇಳಿಕೆಗಾಗಿ ಹೆಣ್ಣುಮಕ್ಕಳನ್ನಾಗಲಿ, 60 ದಾಟಿದವರನ್ನಾಗಲಿ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಮನೆಗೇ ಬಂದು ಕೇಳಬೇಕು.

ಕೆಲವು ಪ್ರಕರಣಗಳಲ್ಲಿ ವಾರಂಟ್ ಇಲ್ಲದೆಯೂ ಒಳಬರಬಹುದು. ಅಡ್ಡ ನಿಂತು ಕೈಮಿಲಾಯಿಸಬೇಡಿ, ಅದೇ ಇನ್ನೊಂದು ಕೇಸಾಗುತ್ತದೆ. ಮನೆ ಶೋಧಿಸುವುದಾದರೆ ಇಬ್ಬರು ಪಂಚರು ಎಲ್ಲಿ, ವಿಡಿಯೋ ಎಲ್ಲಿ ಎಂದು ಸಮಾಧಾನದಿಂದ ಕೇಳಿ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೆ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗಂತೂ ಆದಾಯ ಎಷ್ಟೇ ಇರಲಿ, ಈ ನೆರವು ಪುಕ್ಕಟೆ.