ಉಪಕಸುಬಾಗಿ ರೇಷ್ಮೆ



ರಾಗಿಯ ಬೇಸಾಯವನ್ನು ಬಿಡದೆ ರೇಷ್ಮೆಯ ಕಸುಬನ್ನೂ ಕೈಗೊಳ್ಳಬಯಸುವವರಿಗೆ ನನ್ನ ಅರಿಕೆ ಒಂದೇ: ಮೊದಲು ಸೊಪ್ಪು, ಆಮೇಲೆ ಮೊಟ್ಟೆ.

ಮರಿಯು ಮೊಟ್ಟೆಯಿಂದ ಹೊರಟು ಗೂಡು ಕಟ್ಟುವುದಕ್ಕೆ ಸುಮಾರು 25 ರಿಂದ 28 ದಿನಗಳು ಹಿಡಿಯುವುವು; ನಡುವೆ ನಾಲ್ಕು ಜ್ವರಗಳುಂಟು. ಆದರೆ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚನ್ನು ಹುಳುವು ನಾಲ್ಕನೆಯ ಜ್ವರವೆದ್ದ ಮೇಲಿನ ಏಳೆಂಟು ದಿನಗಳಲ್ಲಿಯೇ ತಿನ್ನುವುದು. ಆ ವಾರವು ರಾಗಿಯ ಕಳೆ ಅಥವಾ ಕೊಯ್ಲಿನ ಕಾಲಕ್ಕೆ ಬಿದ್ದರೆ ಮನೆಯ ಆಳುಗಳು ಎರಡಕ್ಕೂ ಒದಗಲಾರರು. ಸೊಪ್ಪು ಮುಗಿದು, ಸಾಲಮಾಡಿ ಕೊಂಡರೆ, ಗೂಡಿನ ಹಣವು ಸಾಹುಕಾರನ ಪಾಲಾಗುವುದು.

ಆದುದರಿಂದ ಸ್ವಲ್ಪ ನೆಲದಲ್ಲಿ ಹಿಪ್ಪುನೇರಳೆಯನ್ನು ಬೆಳೆಸಿ, ಒಂದು ಕಟಾವಿನ ಸೊಪ್ಪನ್ನು ತೂಗಿ ನೋಡಿ, ಅದಕ್ಕೆ ತಕ್ಕಷ್ಟೇ ರೋಗರಹಿತವಾದ ಮೊಟ್ಟೆಯನ್ನು ತರತಕ್ಕದ್ದು. ಎರಡು ಮೂರು ಬೆಳೆಗಳ ಲೆಕ್ಕವನ್ನು ಬರೆದಿಟ್ಟು, ಲಾಭವು ಕಂಡ ಮೇಲೆ ತೋಟವನ್ನು ಹೆಚ್ಚಿಸಬಹುದು. ಅದುವರೆಗೆ ರಾಗಿಯ ಹೊಲವನ್ನು ಮುಟ್ಟತಕ್ಕದ್ದಲ್ಲ.