ದೂರದ ಪರದೆಯಲ್ಲೂ ಕನ್ನಡ ಮೂಡಲಿ



ರಜೆಗೆಂದು ಹಾವೇರಿ ಪಕ್ಕದ ಕರ್ಜಗಿಗೆ ಹೋಗಿದ್ದೀರಿ ಎನ್ನಿ. ಅಲ್ಲಿಂದಲೇ ಬೆಂಗಳೂರಿನ ಆಫೀಸಿನ ಲಿನಕ್ಸ್ ಕಂಪ್ಯೂಟರಿನ ಪರದೆಯನ್ನು ವಿಎನ್‌ಸಿ ಮೂಲಕ ತೆರೆಯುತ್ತೀರಿ. ಇಂಗ್ಲಿಷ್ ನೆಟ್ಟಗಿದೆ, ಕನ್ನಡದ ಜಾಗದಲ್ಲಿ ಬರೀ ಚೌಕಗಳು!

"ಕಂಪ್ಯೂಟರಿಗೆ ಕನ್ನಡ ಬಾರದು" ಎಂದು ಕೈಚೆಲ್ಲಬೇಡಿ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದೆ. ಸಾಮಾನ್ಯವಾಗಿ ಇಲ್ಲದಿರುವುದು ಫಾಂಟ್. ನಿಮ್ಮ ಕಂಪ್ಯೂಟರಿನಲ್ಲಿ ಹತ್ತು ಫಾಂಟ್ ಇದ್ದರೂ ಪ್ರಯೋಜನವಿಲ್ಲ. ಅಕ್ಷರ ಮೂಡುವುದು ಬೆಂಗಳೂರಿನಲ್ಲಿ. ನಿಮಗೆ ತಲುಪುವುದು ಅದರ ಚಿತ್ರ ಮಾತ್ರ. ಆದ್ದರಿಂದ ಆ ಯಂತ್ರಕ್ಕೇ ಗುಬ್ಬಿ ಅಥವಾ ನವಿಲು ಫಾಂಟ್ ಹಾಕಿಸಿ. ಡೆಬಿಯನ್, ಉಬುಂಟುಗಳಲ್ಲಿ ಇವು ಪುಕ್ಕಟೆ. ಆಮೇಲೆ ಪ್ರೋಗ್ರಾಮನ್ನು ಮುಚ್ಚಿ ತೆರೆಯಿರಿ.

ಫಾಂಟ್ ಹಾಕುವ ಅಧಿಕಾರ ನಿಮಗಿಲ್ಲವೇ? ಇರುವವರನ್ನು ಕೇಳಿ, ಕನ್ನಡದಲ್ಲೇ ಕೇಳಿ. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು!