ಗಾಡಿ ನಿಲ್ಲಿಸಿ, ಗೋಡೆ ಓದಿ

(ಹಿಂದೂಪುರದಲ್ಲಿ ಬೈಕ್ ಗೆಳೆಯರು ಸೇರಿದಾಗ ಆಡಿದ ಮಾತು)



ಭಾನುವಾರ ಬಂತು ಅಂದ್ರೆ ನಮ್ಮ ಹುಡುಗರು ಗಾಡಿ ತೆಗೀತಾರೆ. ನಂದಿ ಬೆಟ್ಟ, ಗಂಡಿಕೋಟ, ಹಂಪಿ ಅಂತ ದೂರ ಹೋಗ್ತೀವಿ. ಹೋಗೋಣ, ತಪ್ಪೇನಿಲ್ಲ. ಆದರೆ ನಮ್ಮ ಮನೆ ಸುತ್ತಲೇ, ಒಂದು ಟ್ಯಾಂಕ್ ಪೆಟ್ರೋಲಿಗೆ ಮುಗಿಯುವ ದಾರಿಯಲ್ಲಿ ಏನೇನಿದೆ ಅಂತ ಇವತ್ತು ಹೇಳ್ತೀನಿ.

ಮೊದಲು ಲೇಪಾಕ್ಷಿ. ಹಿಂದೂಪುರದಿಂದ 15 ಕಿಲೋಮೀಟರ್. ತೂಗುವ ಕಂಬದ ಕೆಳಗೆ ಟವೆಲ್ ಎಳೀತೀವಿ, ದೊಡ್ಡ ಬಸವಣ್ಣನ ಮುಂದೆ ಸೆಲ್ಫಿ ತಗೋತೀವಿ, ಹೊರಡ್ತೀವಿ. ವೀರಭದ್ರ ಗುಡಿಯ ಗೋಡೆ ನೋಡಿದೋರು ನಮ್ಮಲ್ಲಿ ಎಷ್ಟು ಜನ? ಅಲ್ಲಿರೋ ಶಾಸನಗಳು ಕನ್ನಡದವು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಅನ್ನೋ ಅಣ್ಣತಮ್ಮಂದಿರು ಕಟ್ಟಿಸಿದ ಗುಡಿ ಅದು. ತಾಳ್ಮೆಯಿಂದ ನಿಂತರೆ ನಾವೂ ನಾಲ್ಕು ಅಕ್ಷರ ಹಿಡೀಬಹುದು. ಕಲ್ಲಿಗೆ ಸೀಮೆಸುಣ್ಣ ಹಚ್ಚಬೇಡಿ, ಉಜ್ಜಬೇಡಿ. ಓರೆ ಬಿಸಿಲಲ್ಲಿ ಫೋಟೋ ತೆಗೆದರೆ ಅಕ್ಷರ ತಾನಾಗೇ ಎದ್ದು ಕಾಣುತ್ತೆ.

ಎರಡನೇದು ಹೇಮಾವತಿ. ಮಡಕಶಿರಾ ದಾಟಿ ಅಮರಾಪುರದ ಕಡೆ ಹೋಗಬೇಕು. ಹಳೆಯ ಹೆಸರು ಹೆಂಜೇರು, ನೊಳಂಬವಾಡಿ 32,000ದ ರಾಜಧಾನಿ. ಸಿದ್ಧೇಶ್ವರ ಗುಡಿಯಲ್ಲಿ ಶಿವ ಲಿಂಗವಾಗಿಲ್ಲ, ಮನುಷ್ಯ ರೂಪದಲ್ಲಿ ಕೂತಿದ್ದಾನೆ. ನೊಳಂಬರ ಕಂಬಗಳ ಕೆತ್ತನೆ ಎಷ್ಟು ಚೆಂದ ಅಂದ್ರೆ, ಚೋಳರು ಗೆದ್ದಾಗ ಕೆಲವನ್ನು ತಿರುವೈಯಾರಿನವರೆಗೆ ಹೊತ್ತುಕೊಂಡು ಹೋದರು. ಅಷ್ಟು ದೂರದವರಿಗೆ ಬೆಲೆ ಗೊತ್ತಿತ್ತು. ಪಕ್ಕದಲ್ಲೇ ಇರೋ ನಮಗೆ ಊರಿನ ಹೆಸರೂ ಗೊತ್ತಿಲ್ಲ!

ಕಲ್ಯಾಣದುರ್ಗದ ಗೆಳೆಯರಿಗೆ ಕಂಬದೂರಿನ ಮಲ್ಲಿಕಾರ್ಜುನ ಗುಡಿ ಇದೆ, ಆ ಕಡೆ ರಾಯದುರ್ಗದ ಕೋಟೆ ಇದೆ. ನಮ್ಮ ತಾತಂದಿರ ಕಾಲದಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಸೇರಿತು. ರಾಯದುರ್ಗ, ಆದೋನಿ, ಆಲೂರು ಈ ಕಡೆ ಉಳಿದವು. ಜನ ಇದ್ದಲ್ಲೇ ಇದ್ದರು, ಗೆರೆ ಬದಲಾಯಿತು.

ಇದನ್ನೆಲ್ಲ ಜಗಳಕ್ಕೆ ಹೇಳ್ತಿಲ್ಲ. ತೆಲುಗು ನಮಗೆ ಅನ್ನ ಕೊಟ್ಟ ಭಾಷೆ, ನಮ್ಮ ಗುಂಪಲ್ಲೇ ಅರ್ಧ ಜನ ತೆಲುಗಿನವರು. ನಾನು ಬ್ಯಾಂಕಿನವನು, ನನಗೆ ಲೆಕ್ಕ ಬೇಕು. ಆ ಲೆಕ್ಕ ಕೇಳಿ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಇರಬೇಕು ಅನ್ನುತ್ತೆ. ಅದಕ್ಕಿರೋ ಹಳೆಯ ಅಳತೆ: ತರಗತಿಯಲ್ಲಿ 10 ಮಕ್ಕಳು ಅಥವಾ ಶಾಲೆಯಲ್ಲಿ 40 ಮಕ್ಕಳು. ತಾಲ್ಲೂಕಿನಂಥ ಪ್ರದೇಶದಲ್ಲಿ ಶೇ. 15ರಷ್ಟು ಜನರ ಭಾಷೆಯಾದರೆ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕು. ಅಂದ್ರೆ ಎಣಿಕೆಯಲ್ಲಿ ಇಲ್ಲದ ಕನ್ನಡಿಗ ಹಕ್ಕಿನಲ್ಲೂ ಇಲ್ಲ. 2027ರ ಫೆಬ್ರವರಿ ಜನಗಣತಿಯದು. 2011ರ ನಮೂನೆಯಲ್ಲಿ ಮಾತೃಭಾಷೆಗೆ ಒಂದು ಅಂಕಣ, ಗೊತ್ತಿರುವ ಇತರ ಎರಡು ಭಾಷೆಗೆ ಬೇರೆ ಅಂಕಣ ಇತ್ತು. ಮನೇಲಿ ಅವ್ವನ ಜೊತೆ ಕನ್ನಡ ಆಡ್ತೀರಾ? ಮೊದಲನೇ ಅಂಕಣದಲ್ಲಿ ಕನ್ನಡ ಅಂತಲೇ ಬರೆಸಿ. ತೆಲುಗಿಗೆ ಎರಡನೇದರಲ್ಲಿ ಜಾಗ ಇದೆ. "ಎಲ್ಲರೂ ತೆಲುಗು ಅಂತಾರೆ, ನಾನೂ ಅಂದುಬಿಟ್ಟೆ" ಅಂದ್ರೆ ನಿಮ್ಮೂರ ಶಾಲೆಗೆ ಬರಬೇಕಾದ ಕನ್ನಡ ಮೇಷ್ಟ್ರ ಪರ ಹೇಳೋಕೆ ಲೆಕ್ಕವೇ ಇರಲ್ಲ.

ಈ ಮಾತು ಊರೂರಿಗೆ ಯಾರು ಮುಟ್ಟಿಸ್ತಾರೆ? ಗಾಡಿ ಇರೋ ನಾವೇ. ರೊಳ್ಳ, ಅಗಳಿ, ಅಮರಾಪುರದ ಹಳ್ಳಿಗಳಲ್ಲಿ ಟೀಗೆ ಹೇಗೂ ನಿಲ್ಲಿಸ್ತೀವಿ. ಇನ್ನೊಂದು ಕಾಲು ಗಂಟೆ ಕೂತು ಹಿರಿಯರ ಹತ್ರ ಕನ್ನಡದಲ್ಲಿ ಮಾತಾಡಿ. ಕನ್ನಡ ಶಾಲೆ ಇದೆಯಾ, ಮಕ್ಕಳೆಷ್ಟು, ಮೇಷ್ಟ್ರು ಎಷ್ಟು, ಪುಸ್ತಕ ಬಂದಿದೆಯಾ, ಕೇಳಿ ಬರೆದುಕೊಳ್ಳಿ. ಮಕ್ಕಳ ಫೋಟೋ ಹಾಕಬೇಡಿ, ಅಂಕಿ ಸಾಕು. ಹತ್ತು ಊರಿನ ಅಂಕಿ ಸೇರಿದರೆ ಅದು ಅರ್ಜಿ ಆಗುತ್ತೆ. ಅಗ್ಗದ ಪೆಟ್ರೋಲಿಗೆ ಗಡಿ ದಾಟಿ ಪಾವಗಡಕ್ಕೆ ಹೋಗೋ ನಾವು, ಭಾಷೆಗೆ ಇಷ್ಟು ಮಾಡೋಕಾಗಲ್ವಾ?

ಕೊನೆಗೆ ದಾರಿಯ ಮಾತು. ಹಿಂದೆ ಕೂತವರಿಗೂ ಹೆಲ್ಮೆಟ್. ದಾರಿ ಗೊತ್ತಿರೋನು ಮುಂದೆ, ಅನುಭವ ಇರೋನು ಕೊನೆಗೆ, ನಡುವೆ ಹೊಸಬರು. ಒಬ್ಬರ ಪಕ್ಕ ಒಬ್ಬರು ಹೋಗಬೇಡಿ, ಅಂತರ ಬಿಡಿ. ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಗಾಡಿ ಜಾರುತ್ತೆ. ಇನ್ಶೂರೆನ್ಸ್ ತಾರೀಖು ಇವತ್ತೇ ನೋಡ್ಕೊಳ್ಳಿ. ಕತ್ತಲಾಗೋ ಮೊದಲು ಎಲ್ಲರೂ ಮನೆ ಸೇರಬೇಕು.

ಮುಂದಿನ ಭಾನುವಾರ ಬೆಳಗ್ಗೆ 6ಕ್ಕೆ ಹೇಮಾವತಿಗೆ ಹೊರಡ್ತೀವಿ. ಗಾಡಿ ಇಲ್ಲದೋರೂ ಬನ್ನಿ, ಹಿಂದಿನ ಸೀಟು ಇದೆ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಮರೀಬೇಡಿ.

ಕನ್ನಡ ಬಾಳಲಿ.